ಜಠರಾಗ್ನಿಯ ವಿಚಾರ: ದೀರ್ಘಕಾಲದ ಉದರವ್ಯಾಧಿಯೂ ನಿಸರ್ಗೋಪಚಾರವೂ

ಪ್ರಶ್ನೆಯ ಸ್ವರೂಪ

ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ ಗ್ರಂಥಿಗೆ ಅಂಗಡಿಯೊಂದರ ಮುಂದೆ ಅರ್ಧ ಗಳಿಗೆ ನಿಂತವರಿಗೆ, ಓಮ, ಇಂಗು, ಅಳಲೆಕಾಯಿ, ಸೋನಾಮುಖಿಗಳನ್ನು ಕೊಳ್ಳಲು ಬರುವ ನಾನಾ ವಯಸ್ಸಿನ ಜನರ ಬಾಯಲ್ಲಿ ಒಂದೇ ಶಬ್ದವು ಮತ್ತೆ ಮತ್ತೆ ಕೇಳಿಬರುವುದು: ‘ಗ್ಯಾಸ್ಟ್ರಿಕ್’. ಎದೆಯುರಿದರೂ ಅದೇ, ಹುಳಿತೇಗು ಬಂದರೂ ಅದೇ. ಉಂಡೊಡನೆ ಹೊಟ್ಟೆಯುಬ್ಬಿದರೂ, ಮೂರು ದಿನ ಮಲಪ್ರವೃತ್ತಿಯಾಗದಿದ್ದರೂ, ಬೆಳಗ್ಗೆ ಮನೆ ಬಿಡುವ ಮುನ್ನ ನಾಲ್ಕು ಸಲ ಹೊರಕಡೆಗೆ ಹೋಗಬೇಕಾಗಿ ಬಂದರೂ ಅದೇ ಹೆಸರು. ಇಂಗ್ಲಿಷಿನಲ್ಲಿ ‘ಜಠರಕ್ಕೆ ಸಂಬಂಧಿಸಿದ’ ಎಂಬಷ್ಟೇ ಅರ್ಥವುಳ್ಳ ವಿಶೇಷಣವೊಂದು ನಮ್ಮಲ್ಲಿ ರೋಗದ ನಾಮಪದವಾಗಿ, ಬೇರೆ ಬೇರೆ ಕಾರಣವೂ ಬೇರೆ ಬೇರೆ ಗತಿಯೂ ಉಳ್ಳ ಹತ್ತಾರು ವ್ಯಾಧಿಗಳನ್ನು ತನ್ನೊಳಗೆ ಅಡಗಿಸಿಕೊಂಡಿರುವುದೇ, ನಿಸರ್ಗದ ಉಪಾಯಗಳಿಂದ ಹೊಟ್ಟೆಯ ಬೇನೆ ಗುಣವಾಗುವುದೋ ಇಲ್ಲವೋ ಎಂಬ ಬಹುಕಾಲದ ವಾದದ ಅರ್ಧ ಗೊಂದಲಕ್ಕೆ ಮೂಲವೆಂದು ನನ್ನ ಎಣಿಕೆ.

ಈ ವ್ಯಾಧಿಗಳನ್ನು ಸ್ಥೂಲವಾಗಿ ಮೂರು ರಾಶಿಯಾಗಿ ವಿಂಗಡಿಸಬಹುದು. ಜಠರದಲ್ಲಿಯೋ ಕರುಳಿನಲ್ಲಿಯೋ ಹುಣ್ಣು, ಗಂಟು ಮೊದಲಾದ ವಿಕಾರವು ಕಣ್ಣಿಗೆ ಕಾಣುವಂತೆ ಇರುವುವು ಒಂದು. ಕ್ರಿಮಿಯ ಸೋಂಕಿನಿಂದ ಬಂದುವು ಇನ್ನೊಂದು. ದುರ್ಬೀನು ಇಳಿಸಿ ನೋಡಿದರೂ ಯಾವ ಗಾಯವೂ ಕಾಣದೆ, ಅಂಗಗಳ ನಡೆಯಲ್ಲಿಯೇ ಏರುಪೇರಾಗಿ ವರ್ಷಗಟ್ಟಲೆ ಕಾಡುವುವು ಮೂರನೆಯದು. ನಿಸರ್ಗೋಪಚಾರಕ್ಕೆ ಈ ಮೂರರಲ್ಲಿಯೂ ಒಂದೇ ಪ್ರಮಾಣದ ಅಧಿಕಾರವಿಲ್ಲವೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನಾ ಪಕ್ಷಗಳ ಮಾತನ್ನು ಕೇಳಬೇಕು.

ಅಗ್ನಿಯ ಶಾಸ್ತ್ರ

ಪ್ರಾಚೀನ ವೈದ್ಯರು ಹೊಟ್ಟೆಯನ್ನು ಚೀಲವೆಂದು ಎಣಿಸದೆ ಒಲೆಯೆಂದು ಎಣಿಸಿದರು. ಉಂಡ ಅನ್ನವನ್ನು ಪಕ್ವಗೊಳಿಸುವ ಜಠರಾಗ್ನಿಯು ಸಮವಾಗಿದ್ದರೆ ಆರೋಗ್ಯ. ಅದು ವಾತದಿಂದ ವಿಷಮವಾಗಿಯೂ, ಪಿತ್ತದಿಂದ ತೀಕ್ಷ್ಣವಾಗಿಯೂ, ಕಫದಿಂದ ಮಂದವಾಗಿಯೂ ಆಗುವುದು. ಮಂದವಾದಾಗ ಅರೆಬೆಂದ ಅನ್ನರಸವು ‘ಆಮ’ವಾಗಿ ನಿಂತು ರೋಗಗಳಿಗೆ ಬೀಜವಾಗುವುದು ಎಂಬುದು ಆಯುರ್ವೇದದ ಮೂಲಸಿದ್ಧಾಂತ. ಕನ್ನಡದ ‘ಆಮಶಂಕೆ’ ಎಂಬ ಮಾತಿನಲ್ಲಿ ಈ ಆಮವು ಇಂದಿಗೂ ಬದುಕಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯವು ಗ್ರಹಣೀರೋಗಕ್ಕೆ ಮೀಸಲಾಗಿದ್ದು, ಒಮ್ಮೆ ಕಟ್ಟಿ ಒಮ್ಮೆ ಸಡಿಲವಾಗುವ ಮಲವನ್ನೂ, ಉಂಡ ಬಳಿಕದ ಉಬ್ಬರವನ್ನೂ ಅದು ವರ್ಣಿಸುವ ರೀತಿಯನ್ನು ಓದಿದವರಿಗೆ, ಇಂದಿನ ವೈದ್ಯರು ಕರುಳಿನ ಉದ್ವೇಗವೆಂದು ಕರೆಯುವ ರೋಗದ ಛಾಯೆ ಅಲ್ಲಿ ಕಾಣದಿರದು. ಹುಳಿತೇಗು ಎದೆಯುರಿಗಳ ಅಮ್ಲಪಿತ್ತಕ್ಕಾದರೋ ಚರಕದಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ. ಕಾಶ್ಯಪಸಂಹಿತೆಯಲ್ಲಿಯೂ ಮಾಧವನಿದಾನದಲ್ಲಿಯೂ ಅದು ಸ್ವತಂತ್ರ ವ್ಯಾಧಿಯ ಪದವಿಯನ್ನು ಪಡೆಯಿತು. ಶಾಸ್ತ್ರವು ನಿಂತ ನೀರಾಗಿರದೆ, ಜನರ ಬೇನೆಯನ್ನು ನೋಡಿ ಬೆಳೆಯುತ್ತಿತ್ತೆಂಬುದಕ್ಕೆ ಇದು ಸಾಕ್ಷಿ.

ಈ ಸಿದ್ಧಾಂತದ ಬಲವಿರುವುದು ಔಷಧಗಳ ಪಟ್ಟಿಗಿಂತ ಮಿಗಿಲಾಗಿ ಊಟದ ನಿಯಮಗಳಲ್ಲಿ. ಹೊತ್ತುಗೆಟ್ಟು ಉಣ್ಣುವ ವಿಷಮಾಶನ, ಮೊದಲಿನದು ಅರಗುವ ಮುನ್ನವೇ ಮತ್ತೆ ಉಣ್ಣುವ ಅಧ್ಯಶನ, ಪಥ್ಯಾಪಥ್ಯಗಳನ್ನು ಬೆರೆಸಿ ಉಣ್ಣುವ ಸಮಶನ ಎಂಬ ಮೂರು ದೋಷಗಳನ್ನು ಎಣಿಸಿದ ಆಚಾರ್ಯರು, ಏನನ್ನು ಉಣ್ಣಬೇಕೆಂಬುದರಷ್ಟೇ ಯಾವಾಗ, ಎಷ್ಟು, ಯಾವ ಮನಸ್ಸಿನಿಂದ ಉಣ್ಣಬೇಕೆಂಬುದಕ್ಕೂ ಬೆಲೆ ಕಟ್ಟಿದರು.

ಈ ಪರಂಪರೆಯು ಶಿವಮೊಗ್ಗ ಸೀಮೆಗೆ ಹೊರಗಿನಿಂದ ಬಂದ ಅತಿಥಿಯಲ್ಲ. ಸಾಗರದ ಬಳಿಯ ಕೆಳದಿಯ ಅರಸು ಬಸವಪ್ಪನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವುಂಟು, ಅಡುಗೆಯನ್ನು ರಾಜನು ತಿಳಿಯತಕ್ಕ ವಿದ್ಯೆಗಳ ಸಾಲಿನಲ್ಲಿಟ್ಟ ನೆಲ ಇದು. ಹೊಸನಗರ ತಾಲ್ಲೂಕಿನ ಕೊಡಚಾದ್ರಿಯಾದರೋ ತನ್ನ ಹೆಸರಿನಲ್ಲಿಯೇ ಒಂದು ಹೊಟ್ಟೆಮದ್ದನ್ನು ಹೊತ್ತು ನಿಂತಿದೆ. ಕುಟಜಾದ್ರಿಯೆಂದರೆ ಕುಟಜದ ಬೆಟ್ಟ, ಕುಟಜವೆಂದರೆ ನಮ್ಮ ಕೊಡಸಿಗೆ ಗಿಡ. ಅತಿಸಾರಕ್ಕೂ ಆಮಶಂಕೆಗೂ ಇದರ ತೊಗಟೆಯನ್ನು ಬಳಸುವ ರೂಢಿ ಸಂಹಿತೆಗಳ ಕಾಲದ್ದು. 1920ರ ದಶಕದಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ಆರ್. ಎನ್. ಚೋಪ್ರಾ ಅವರು ಈ ತೊಗಟೆಯ ಕ್ಷಾರಸತ್ತ್ವಗಳನ್ನು ಬೇರ್ಪಡಿಸಿ ಅಮೀಬದ ಆಮಶಂಕೆಯ ಮೇಲೆ ಪರೀಕ್ಷಿಸಿದರು. ಮುಂದೆ ಇನ್ನೂ ಪ್ರಬಲವಾದ ಔಷಧಗಳು ಬರುವವರೆಗೆ ಅದು ಆಧುನಿಕ ವೈದ್ಯರ ಕೈಯಲ್ಲಿಯೂ ಬಳಕೆಯಲ್ಲಿತ್ತು. ಹಳ್ಳಿಯ ಮದ್ದೊಂದು ಪ್ರಯೋಗಶಾಲೆಯ ಮೆಟ್ಟಿಲನ್ನು ಹತ್ತಿ, ಮಾನ್ಯತೆಯನ್ನು ಪಡೆದು, ತನಗಿಂತ ಮೇಲಾದುದು ಬಂದಾಗ ಹಿಂದೆ ಸರಿದ ಈ ಕಥೆಯನ್ನು ಎರಡೂ ಪಕ್ಷದವರು ಪೂರ್ತಿಯಾಗಿ ಹೇಳುವುದಿಲ್ಲ. ಒಬ್ಬರು ಮೊದಲರ್ಧವನ್ನು ಹೇಳುವರು, ಮತ್ತೊಬ್ಬರು ಕೊನೆಯರ್ಧವನ್ನು.

ಮಲೆನಾಡಿನ ಅಡುಗೆಮನೆ

ಶಾಸ್ತ್ರವನ್ನು ಓದದವರ ಮನೆಯಲ್ಲಿಯೂ ಒಂದು ವೈದ್ಯವಿದೆ. ಅದು ತಂಬುಳಿಯ ರೂಪದಲ್ಲಿ ಬಾಳೆಲೆಯ ಮೇಲೆ ಮೊದಲು ಬೀಳುವುದು. ಒಂದೆಲಗವನ್ನೋ, ದೊಡ್ಡಪತ್ರೆಯನ್ನೋ, ದಾಳಿಂಬೆಯ ಸಿಪ್ಪೆಯನ್ನೋ, ಒಣಗಿಸಿಟ್ಟ ಕೊಡಸಿಗೆಯ ಹೂವನ್ನೋ ಜೀರಿಗೆ ಕಾಳುಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಂದಿಗೆ ಅರೆದು, ಕಡೆದ ಮಜ್ಜಿಗೆಗೆ ಬೆರೆಸಿದ ಈ ಪದಾರ್ಥವನ್ನು ಒಲೆಯ ಮೇಲೆ ಮತ್ತೆ ಕುದಿಸುವುದಿಲ್ಲ. ಕಾಫಿ ಚಹಾಗಳ ಬದಲಿಗೆ ಕೊತ್ತಂಬರಿ, ಜೀರಿಗೆ, ಮೆಂತ್ಯ, ಒಣಶುಂಠಿಗಳ ಪುಡಿಯಿಂದ ಮಾಡಿದ ಕಷಾಯ. ಹೊಟ್ಟೆ ಕೆಟ್ಟ ದಿನ ಕೆಂಪಕ್ಕಿಯ ಗಂಜಿ. ಬೇಸಗೆಯ ಪಿತ್ತಕ್ಕೆ ಮುರುಗಲ ಹಣ್ಣಿನ ಪಾನಕ. ಆಮ್ಲದ ಬೇನೆಗೆ ಹುಳಿ ಪಾನಕವೇ ಎಂದು ಇಂದಿನ ರೋಗಿ ಹುಬ್ಬೇರಿಸಬಹುದು. ಆದರೆ ಹುಳಿಯೆಲ್ಲ ಪಿತ್ತವನ್ನು ಕೆರಳಿಸುವುದಾದರೂ ನೆಲ್ಲಿ ದಾಳಿಂಬೆಗಳು ಅದಕ್ಕೆ ಅಪವಾದವೆಂದು ಶಾಸ್ತ್ರವೇ ಹೇಳುವುದರಿಂದ, ಮನೆಯ ಹಿರಿಯರು ನಾಲಗೆಯ ರುಚಿಯನ್ನೇ ನಂಬಿ ಮದ್ದನ್ನು ಆರಿಸಿದವರಲ್ಲವೆಂಬುದು ಸ್ಪಷ್ಟ.

ನನ್ನ ಅಜ್ಜಿ ಹೊಟ್ಟೆಯುಬ್ಬರವೆಂದವರಿಗೆ ಮದ್ದನ್ನು ಕೊಡುವ ಮುನ್ನ ‘ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಉಂಡೆ?’ ಎಂದು ಕೇಳುತ್ತಿದ್ದಳು. ಉತ್ತರವನ್ನು ಕೇಳಿದ ಮೇಲೆ ಅನೇಕ ಸಲ ಮದ್ದನ್ನೇ ಕೊಡುತ್ತಿರಲಿಲ್ಲ, ಆ ದಿನದ ರಾತ್ರಿಯ ಊಟವನ್ನು ತಪ್ಪಿಸಿ ಬಿಸಿನೀರನ್ನಷ್ಟೇ ಕೊಡುತ್ತಿದ್ದಳು. ಆ ಪ್ರಶ್ನೆಯನ್ನು ನಾನು ಅನಂತರ ಕಂಡ ವೈದ್ಯರಲ್ಲಿ ಎಲ್ಲರೂ ಕೇಳಲಿಲ್ಲ.

ಈ ಮನೆವೈದ್ಯದ ಮಗ್ಗುಲಲ್ಲಿಯೇ ಹಳ್ಳಿಯ ಕೈಮದ್ದುಗಳೂ ಉಂಟು. ಹೊಕ್ಕಳಿನ ಬಳಿಯ ‘ಬಟ್ಟಿ’ ಜಾರಿತೆಂದು ಹೊಟ್ಟೆಯನ್ನು ತಿಕ್ಕಿ ಎತ್ತಿ ಕೂರಿಸುವ ಪದ್ಧತಿಯಿಂದ ವಾಯುವಿನ ಬೇನೆ ಇಳಿದವರು ಇರಬಹುದು. ಆದರೆ ಅಪೆಂಡಿಕ್ಸ್ ಊದಿಕೊಂಡಿರುವಾಗಲೋ ಕರುಳು ಸುತ್ತಿಕೊಂಡಿರುವಾಗಲೋ ಹಾಗೆ ಒತ್ತಿ ತಿಕ್ಕುವುದು ಪ್ರಾಣಾಪಾಯವೆಂಬುದರಲ್ಲಿ ನನಗೆ ಯಾವ ಸಂದೇಹವೂ ಇಲ್ಲ.

ಕುಲುಮೆಯ ಊರಿನಲ್ಲಿ

ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರಿತ್ತು. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಭದ್ರೆಯ ದಡದಲ್ಲಿ ಎದ್ದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಮಲೆನಾಡಿನ ಕಾಡಿನ ಇದ್ದಲಿನಿಂದ ಕುಲುಮೆಯನ್ನು ಹೊತ್ತಿಸಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಕಬ್ಬಿಣದ ಕುಲುಮೆಯನ್ನು ಸಂಜೆ ಆರಿಸಿ ಬೆಳಗ್ಗೆ ಹೊತ್ತಿಸಲಾಗದು. ಅದು ಹಗಲಿರುಳು ಉರಿಯಲೇಬೇಕು, ಅದರ ಮುಂದೆ ಮನುಷ್ಯರು ಪಾಳಿಯಲ್ಲಿ ನಿಲ್ಲಲೇಬೇಕು. ಈ ವಾರ ಮಧ್ಯಾಹ್ನ ಉಂಡವನು ಮುಂದಿನ ವಾರ ನಡುರಾತ್ರಿಯಲ್ಲಿ ಡಬ್ಬಿಯನ್ನು ಬಿಚ್ಚುವನು. ಮನೆಮಂದಿ ಉಪಾಹಾರಕ್ಕೆ ಕೂತಾಗ ಅವನು ಮಲಗಲು ಹೋಗುವನು. ಆಚಾರ್ಯರು ವಿಷಮಾಶನವೆಂದು ಯಾವುದನ್ನು ನಿಷೇಧಿಸಿದರೋ ಅದು ಇಲ್ಲಿ ವ್ಯಕ್ತಿಯ ದುರಭ್ಯಾಸವಾಗಿರದೆ ಜೀವನೋಪಾಯದ ಷರತ್ತಾಯಿತು.

ಪಾಳಿಯ ಕೆಲಸಗಾರರಲ್ಲಿ ಜಠರದ ಹುಣ್ಣೂ ಅಜೀರ್ಣದ ದೂರುಗಳೂ ಅಧಿಕವೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ದೇಹದೊಳಗಿನ ಗಡಿಯಾರದ ಪ್ರಕಾರ ರಾತ್ರಿಯ ಮೊದಲ ಯಾಮಗಳಲ್ಲಿ ಆಮ್ಲದ ಸ್ರಾವ ಹೆಚ್ಚು, ಜಠರವು ಬರಿದಾಗುವ ವೇಗ ಕಡಿಮೆ. ಆ ಹೊತ್ತಿನಲ್ಲಿ ಖಾರದ ಸಾರನ್ನವನ್ನುಂಡು, ಎಚ್ಚರಕ್ಕಾಗಿ ಚಹದ ಮೇಲೆ ಚಹವನ್ನೂ ಬೀಡಿಯನ್ನೂ ಸೇವಿಸಿ, ಮೈಕೈನೋವಿಗೆ ಮಾತ್ರೆಯನ್ನು ನುಂಗುವವನ ಹೊಟ್ಟೆಯ ಗತಿಯನ್ನು ಊಹಿಸುವುದು ಕಷ್ಟವಲ್ಲ. ನೋವಿನ ಮಾತ್ರೆಗಳಲ್ಲಿ ಬಹಳಷ್ಟು ತಾವೇ ಹುಣ್ಣಿಗೆ ಕಾರಣವಾಗಬಲ್ಲವು. ಇಂಥವನಿಗೆ ‘ಹೊತ್ತಿಗೆ ಸರಿಯಾಗಿ ಉಣ್ಣು’ ಎಂಬ ಉಪದೇಶವು ಸತ್ಯವಾದರೂ ಸಾಲದು. ಪಾಳಿಯನ್ನು ಪದೇ ಪದೇ ಬದಲಿಸದಿರುವುದು, ನಡುರಾತ್ರಿಯಲ್ಲಿ ಲಘುವಾದ ಬಿಸಿ ಊಟಕ್ಕೆ ಅನುಕೂಲ ಮಾಡಿಕೊಡುವುದು ಕಾರ್ಖಾನೆಯ ಕೈಯಲ್ಲಿರುವ ನಿಸರ್ಗೋಪಚಾರ. ಅದನ್ನು ರೋಗಿಯೊಬ್ಬನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ.

ಜಲಮೃತ್ತಿಕೆಗಳ ಪಂಥ

ನಾವು ಈಗ ಪ್ರಕೃತಿ ಚಿಕಿತ್ಸೆಯೆಂದು ಕರೆಯುವುದರ ಬಹುಭಾಗವು ಜರ್ಮನಿಯಿಂದ ಬಂದುದೆಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಲೂಯಿ ಕೂನೆಯ ಕಟಿಸ್ನಾನ, ಅಡಾಲ್ಫ್ ಜಸ್ಟನ ಮಣ್ಣಿನ ಪಟ್ಟಿ ಇವೆರಡನ್ನೂ ದಕ್ಷಿಣ ಆಫ್ರಿಕದಲ್ಲಿದ್ದಾಗ ಗಾಂಧೀಜಿಯವರು ತಮ್ಮ ಮೇಲೆಯೇ ಪ್ರಯೋಗಿಸಿದರು. ಅದಕ್ಕೆ ನಿಮಿತ್ತವಾದುದು ಅವರನ್ನು ಕಾಡುತ್ತಿದ್ದ ಮಲಬದ್ಧತೆ. ಮೈಸೂರು ಸಂಸ್ಥಾನದಲ್ಲಿ 1927ರಲ್ಲಿ ನಂದಿಬೆಟ್ಟದ ಮೇಲೆ ವಿಶ್ರಮಿಸಿ ಚೇತರಿಸಿಕೊಂಡ ಬಳಿಕ ಅವರು ಕೈಗೊಂಡ ಪ್ರವಾಸದಲ್ಲಿ ಶಿವಮೊಗ್ಗೆಯೂ ಭದ್ರಾವತಿಯೂ ಸೇರಿದ್ದುವು. 1946ರಲ್ಲಿ ಪುಣೆಯ ಬಳಿಯ ಉರುಳೀಕಾಂಚನದಲ್ಲಿ ಬಡವರಿಗಾಗಿ ನಿಸರ್ಗೋಪಚಾರದ ಆಶ್ರಮವನ್ನು ತೆರೆದಾಗ ಅವರ ಆಶಯವು, ಹಳ್ಳಿಯವನು ದುಡ್ಡು ಕೊಡದೆ ಪಡೆಯಬಹುದಾದ ನೀರು, ಮಣ್ಣು, ಗಾಳಿ, ಬಿಸಿಲು, ಉಪವಾಸಗಳಿಂದಲೇ ಅವನು ಸ್ವಸ್ಥನಾಗಬೇಕೆಂಬುದಾಗಿತ್ತು. ಕರ್ನಾಟಕದಲ್ಲಿ 1979ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಜಿಂದಾಲ್ ಸಂಸ್ಥೆಯೂ, 1989ರಲ್ಲಿ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆಯ ಪದವಿ ಕಾಲೇಜೂ ಪ್ರಾರಂಭವಾಗಿ ಈ ಪಂಥವು ಶಿಸ್ತಿನ ವೈದ್ಯವಿದ್ಯೆಯಾಗಿ ಬೆಳೆದಿದೆ.

ಮಿತಾಹಾರ, ನಾರುಳ್ಳ ಸೊಪ್ಪು ತರಕಾರಿ, ನಡಿಗೆ, ನಿದ್ರೆಗಳ ಮೇಲೆ ಈ ಪಂಥವಿಡುವ ಒತ್ತನ್ನು ಯಾವ ವೈದ್ಯನೂ ಅಲ್ಲಗಳೆಯಲಾರ. ಆದರೆ ರೋಗಗಳೆಲ್ಲಕ್ಕೂ ದೇಹದಲ್ಲಿ ಸೇರಿದ ಕಶ್ಮಲವೊಂದೇ ಕಾರಣ, ಅದನ್ನು ಹೊರದೂಡಿದರೆ ಸಕಲವೂ ಗುಣ ಎಂಬ ಅದರ ಮೂಲವಾದವನ್ನು ನಾನು ಒಪ್ಪಲಾರೆ. ಹುಣ್ಣಿನಿಂದ ರಕ್ತ ಸೋರುತ್ತಿರುವವನು, ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವನು, ಬಸುರಿ ಇವರು ದೀರ್ಘ ಉಪವಾಸಕ್ಕೆ ತೊಡಗುವುದು ಅಪಾಯಕರ.

ಸೂಕ್ಷ್ಮದರ್ಶಕದ ಪಕ್ಷ

1822ರಲ್ಲಿ ಅಮೆರಿಕದ ಗಡಿಕೋಟೆಯೊಂದರಲ್ಲಿ ಗುಂಡೇಟು ತಿಂದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬವನ ಹೊಟ್ಟೆಯಲ್ಲಿ ಮುಚ್ಚದೆ ಉಳಿದ ರಂಧ್ರದ ಮೂಲಕ ವಿಲಿಯಂ ಬೋಮಾಂಟ್ ಎಂಬ ಸೇನಾವೈದ್ಯನು ವರ್ಷಗಟ್ಟಲೆ ಜಠರದ ವ್ಯಾಪಾರವನ್ನು ನೋಡಿ, ಸಿಟ್ಟು ಬಂದಾಗ ಜೀರ್ಣಕ್ರಿಯೆಯು ಕೆಡುವುದನ್ನೂ ಗುರುತಿಸಿದನು. 1910ರಲ್ಲಿ ಕಾರ್ಲ್ ಶ್ವಾರ್ಟ್ಸನು ಆಮ್ಲವಿಲ್ಲದೆ ಹುಣ್ಣಿಲ್ಲವೆಂದು ಸಾರಿದ ಮೇಲೆ ಎಪ್ಪತ್ತು ವರ್ಷ ಆಮ್ಲವನ್ನು ತಗ್ಗಿಸುವುದೇ ಚಿಕಿತ್ಸೆಯಾಯಿತು. 1982ರಲ್ಲಿ ಆಸ್ಟ್ರೇಲಿಯದ ಪರ್ತಿನಲ್ಲಿ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಇಬ್ಬರೂ ಜಠರದ ಲೋಳೆಯಲ್ಲಿ ಬದುಕುವ ಸುರುಳಿಯಾಕಾರದ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಜೀವಿಯನ್ನು ಬೆಳೆಸಿ ತೋರಿಸಿದರು. 1984ರಲ್ಲಿ ಮಾರ್ಷಲನು ಅದನ್ನು ತಾನೇ ಕುಡಿದು ಜಠರದ ಉರಿಯೂತಕ್ಕೆ ಗುರಿಯಾದನು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಚಿಂತೆಯಿಂದಲೂ ಖಾರದಿಂದಲೂ ಬಂದುದೆಂದು ಜನ್ಮವಿಡೀ ಪಥ್ಯದಲ್ಲಿಟ್ಟಿದ್ದ ಹುಣ್ಣುಗಳಲ್ಲಿ ಬಹಳಷ್ಟು ಎರಡು ವಾರದ ಔಷಧದಿಂದ ವಾಸಿಯಾದುವು. ಯಾವ ಕಷಾಯಕ್ಕೂ ಈ ಸಾಮರ್ಥ್ಯವಿರುವುದು ಸಿದ್ಧವಾಗಿಲ್ಲವೆಂಬುದನ್ನು ನಿಸರ್ಗೋಪಚಾರದ ಅಭಿಮಾನಿಗಳು ಒಪ್ಪಬೇಕು.

ಆದರೂ ಈ ಕ್ರಿಮಿಯು ಕಥೆಯನ್ನು ಮುಗಿಸಲಿಲ್ಲ. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಜಠರದಲ್ಲಿ ಇದು ನೆಲಸಿದೆ. ಹುಣ್ಣಾಗುವುದು ಅವರಲ್ಲಿ ಕೆಲವರಿಗೆ ಮಾತ್ರ. ಇಲ್ಲಿಯೇ ನಮ್ಮ ನಾಡಿನ ಸಂಶೋಧನೆಯೊಂದು ನೆನಪಾಗುವುದು. ಮೈಸೂರಿನ ಮಿಷನ್ ಆಸ್ಪತ್ರೆಯೆಂದು ಜನರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಕಳೆದ ಶತಮಾನದ ಮಧ್ಯದಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿಯವರು, ಕರುಳಿನ ಹುಣ್ಣು ಪಾಲಿಶ್ ಅಕ್ಕಿಯನ್ನುಣ್ಣುವ ದಕ್ಷಿಣದಲ್ಲಿ ಹೆಚ್ಚಾಗಿಯೂ, ತವುಡು ಕಳೆಯದ ಗೋಧಿಯನ್ನುಣ್ಣುವ ಉತ್ತರದಲ್ಲಿ ಕಡಿಮೆಯಾಗಿಯೂ ಇರುವುದನ್ನು ಕಂಡು, ಅದರ ಬೆನ್ನು ಹತ್ತಿ ದಶಕಗಳ ಕಾಲ ಶೋಧಿಸಿದರು. ಕೆಲವು ಧಾನ್ಯಗಳಲ್ಲಿಯೂ ಬೇಳೆಕಾಳುಗಳಲ್ಲಿಯೂ (ನಮ್ಮ ಹುರುಳಿ ಅವುಗಳಲ್ಲೊಂದು) ಜಠರದ ಒಳಪೊರೆಯನ್ನು ಕಾಯುವ ಜಿಡ್ಡಿನಂಶಗಳುಂಟೆಂದು ಅವರೂ ಅವರ ಸಹೋದ್ಯೋಗಿಗಳೂ ಪ್ರಾಣಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಭತ್ತದ ಗದ್ದೆಯೂ ರಾಗಿ ಹುರುಳಿಯ ಹೊಲವೂ ಒಂದೇ ಜಿಲ್ಲೆಯಲ್ಲಿ ಕೂಡುವ ಶಿವಮೊಗ್ಗೆಗಿಂತ ಈ ವಿಚಾರವನ್ನು ಮುಂದುವರಿಸಲು ತಕ್ಕ ಸ್ಥಳವುಂಟೆ?

ಗಾಯ ಕಾಣದ ಬೇನೆಗಳ ವಿಷಯದಲ್ಲಿ ಆಧುನಿಕರು ಈಗ ಕರುಳಿಗೂ ಮಿದುಳಿಗೂ ಇರುವ ಪರಸ್ಪರ ಸಂವಾದವನ್ನು ಮುಂದಿಡುವರು. 2010ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ‘ಇದರಲ್ಲಿ ಔಷಧವಿಲ್ಲ’ ಎಂದು ಮೊದಲೇ ತಿಳಿಸಿ ಕೊಟ್ಟ ಹುಸಿಮಾತ್ರೆಯಿಂದ ಕರುಳಿನ ಉದ್ವೇಗದ ರೋಗಿಗಳು, ಏನನ್ನೂ ಪಡೆಯದವರಿಗಿಂತ ಹೆಚ್ಚು ಉಪಶಮನವನ್ನು ಕಂಡರು. ನಾಡಿ ಹಿಡಿದು, ಊರುಕೇರಿ ವಿಚಾರಿಸಿ, ಒಂದು ಗಳಿಗೆ ಮಾತನಾಡಿ ಕಳಿಸುತ್ತಿದ್ದ ಹಳ್ಳಿಯ ಪಂಡಿತನ ಗುಣದಲ್ಲಿ ಬೇರಿನ ಪಾಲೆಷ್ಟು, ಆ ಗಳಿಗೆಯ ಪಾಲೆಷ್ಟು ಎಂಬ ಗಂಭೀರವಾದ ಪ್ರಶ್ನೆಯನ್ನು ಇದು ನಮ್ಮ ಮುಂದಿಡುತ್ತದೆ.

ಪರೀಕ್ಷೆಗೆ ನಿಂತವು, ನಿಲ್ಲದವು

ಇಸಬಗೋಲದ ಹೊಟ್ಟು ಮಲಬದ್ಧತೆಯಲ್ಲಿಯೂ ಕರುಳಿನ ಉದ್ವೇಗದಲ್ಲಿಯೂ ಫಲಕಾರಿಯೆಂಬುದು ಸಿದ್ಧವಾಗಿದೆ. ಪುದೀನ ಜಾತಿಯ ಪೆಪ್ಪರ್‌ಮಿಂಟಿನ ಎಣ್ಣೆಯು ಕರುಳಿನ ನುಲಿತವನ್ನು ಸಡಿಲಿಸುವುದು. ಶುಂಠಿಯು ವಾಕರಿಕೆಯನ್ನು ತಗ್ಗಿಸುವುದು. ಅಜೀರ್ಣದ ರೋಗಿಗಳ ಮೇಲೆ ಥಾಯ್ಲೆಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅರಿಸಿನದ ಸತ್ತ್ವವು ಒಮೆಪ್ರಜೋಲ್ ಮಾತ್ರೆಗೆ ಸರಿಸಮನಾಗಿ ನಿಂತಿತು. ಆದರೆ ಪರೀಕ್ಷಿತರಾದವರು ಇನ್ನೂರು ಚಿಲ್ಲರೆ ಮಂದಿ ಮಾತ್ರ. ಹಾಲು ಒಗ್ಗದವರಿಗೂ ಮೊಸರು ಮಜ್ಜಿಗೆಗಳು ಬಹುಮಟ್ಟಿಗೆ ಒಗ್ಗುವುದಕ್ಕೆ ಕಾರಣವು ಅವುಗಳಲ್ಲಿನ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಮುರಿಯುವುದೇ ಆಗಿದೆ. ಈರುಳ್ಳಿ ಬೆಳ್ಳುಳ್ಳಿಗಳು ಕರುಳಿನಲ್ಲಿ ಹುಳಿತು ವಾಯುವನ್ನು ಹುಟ್ಟಿಸುವುವೆಂದು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಪಥ್ಯಪದ್ಧತಿಯು ಅವುಗಳನ್ನು ಬಿಡಿಸುತ್ತದೆ. ಬೇರೆಯೇ ಕಾರಣಕ್ಕಾಗಿ ಅವನ್ನು ಬಿಟ್ಟು ಇಂಗನ್ನು ಹಿಡಿದ ಮಲೆನಾಡಿನ ಮನೆಗಳು ಇದನ್ನು ಕೇಳಿ ಸಂತೋಷಪಟ್ಟಾವು.

ನೈಸರ್ಗಿಕವಾದುದೆಲ್ಲ ನಿರಪಾಯವೆಂಬುದು ಮಾತ್ರ ಪರೀಕ್ಷೆಗೆ ನಿಲ್ಲದ ನಂಬಿಕೆ. 2004ರಲ್ಲಿ ಬಾಸ್ಟನ್ ನಗರದಲ್ಲಿ ಮಾರಾಟಕ್ಕಿದ್ದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ, ಶಂಖಪಾಷಾಣಗಳಲ್ಲಿ ಯಾವುದಾದರೊಂದು ಕಂಡುಬಂದಿತು. ಸೋನಾಮುಖಿಯನ್ನು ವೈದ್ಯರ ಸಲಹೆಯಿಲ್ಲದೆ ನಿತ್ಯವೂ ಸೇವಿಸುತ್ತ ಹೋಗುವುದು ತರವಲ್ಲ. ಊಟವಾದ ಮೇಲೆ ಜೀರ್ಣಕ್ಕೆಂದು ಎಲೆಯಡಿಕೆಯನ್ನು ಮೆಲ್ಲುವುದು ನಮ್ಮ ಸೀಮೆಯ ಸಂಸ್ಕಾರ, ಅಡಿಕೆಯು ನಮ್ಮ ಸೀಮೆಯ ಅನ್ನ. ಹಾಗಿದ್ದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತೆಂಬುದನ್ನು ಅಡಿಕೆಯ ನಾಡಿನವರಾದ ನಾವೇ ಮೊದಲು ಹೇಳಬೇಕಾಗಿದೆ. ‘ಗಂಗಾಸ್ನಾನ, ತುಂಗಾಪಾನ’ವೆಂಬ ಮಾತಿನ ಮೇಲಿನ ಭಕ್ತಿಯಿಂದ ಹೊಳೆಯ ನೀರನ್ನು ಕುದಿಸದೆ ಕುಡಿಯುವುದೂ ಇಂದು ಸಲ್ಲದು, ಅಮೀಬವು ಮಲಿನವಾದ ನೀರಿನಿಂದ ಹರಡುವುದು.

ಇನ್ನೂ ತೀರದಿರುವುದು

ಹೆಲಿಕೊಬ್ಯಾಕ್ಟರ್ ಇದ್ದೂ ಹುಣ್ಣಾಗದವರನ್ನು ಕಾಯುವುದು ಅನ್ನವೋ, ವಂಶವೋ, ಕ್ರಿಮಿಯ ಜಾತಿಯೋ? ಟೋವಿಯವರು ಕಂಡ ಭೇದವು ಅಕ್ಕಿಯಿಂದಲೋ, ಅಕ್ಕಿಯ ಜೊತೆಗಿರುವ ಬೇರಾವುದರಿಂದಲೋ? ಆಮ್ಲವನ್ನು ತಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿ, ನಿಲ್ಲಿಸಿದೊಡನೆ ಉರಿಯು ಇಮ್ಮಡಿಸುವುದರಿಂದ ಮತ್ತೆ ನುಂಗುವವರನ್ನು ಅದರಿಂದ ಬಿಡಿಸಲು ಕಷಾಯ ತಂಬುಳಿಗಳು ನೆರವಾಗಬಲ್ಲವೇ? ಪ್ರತಿಯೊಬ್ಬನ ಪ್ರಕೃತಿಗನುಸಾರವಾಗಿ ಮದ್ದನ್ನು ಬದಲಿಸುವ ಪದ್ಧತಿಯನ್ನು, ಎಲ್ಲರಿಗೂ ಒಂದೇ ಮದ್ದನ್ನು ಕೊಟ್ಟು ಅಳೆಯುವ ಪರೀಕ್ಷೆಯಿಂದ ನ್ಯಾಯವಾಗಿ ಅಳೆಯುವುದು ಹೇಗೆ? ಇವು ಇನ್ನೂ ತೀರ್ಮಾನವಾಗದ ಪ್ರಶ್ನೆಗಳು. ಮೆಗ್ಗಾನ್ ಆಸ್ಪತ್ರೆಯೂ ಸರಕಾರಿ ಆಯುರ್ವೇದ ಕಾಲೇಜೂ ಒಂದೇ ಶಿವಮೊಗ್ಗೆಯಲ್ಲಿವೆ. ದೀರ್ಘಕಾಲದ ಅಜೀರ್ಣದ ರೋಗಿಗಳನ್ನು ಮೊದಲು ಒಂದೆಡೆ ಪರೀಕ್ಷಿಸಿ, ಗಾಯವಿಲ್ಲದವರನ್ನು ಎರಡೆಡೆಯೂ ಉಪಚರಿಸಿ, ಫಲವನ್ನು ಒಂದೇ ಪುಸ್ತಕದಲ್ಲಿ ಬರೆದಿಡಬೇಕೆಂದು ಎರಡೂ ಕಡೆಯ ಅಧ್ಯಾಪಕರಲ್ಲಿ ನನ್ನ ವಿನಂತಿ.

ಓದುಗರಲ್ಲಿಯೂ ಒಂದು ವಿನಂತಿಯುಂಟು. ಮಲವು ಡಾಂಬರಿನಂತೆ ಕಪ್ಪಾದರೆ, ರಕ್ತ ಬಿದ್ದರೆ, ನುಂಗುವಾಗ ಅನ್ನವು ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕವಿಳಿದರೆ, ವಾಂತಿ ನಿಲ್ಲದಿದ್ದರೆ, ಐವತ್ತು ದಾಟಿದ ಮೇಲೆ ಹೊಸದಾಗಿ ಹೊಟ್ಟೆಯ ಬೇನೆ ತೊಡಗಿದರೆ, ಈ ಚರ್ಚೆಯು ಇತ್ಯರ್ಥವಾಗಲೆಂದು ಕಾಯಬೇಡಿ. ಕಷಾಯದ ಲೋಟವನ್ನು ಕೆಳಗಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಿ.